ಸುರುಳಿ ಕತ್ತರಿಸಿದವರು

1958ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು ಜಾರಿಗೆ ಬಂತು. ವಾಹನ ಸಂಹಿತೆಯ 24008ನೇ ಕಲಮು. ಮೂಲ ವಿನ್ಯಾಸ ಬದಲಿಸಿದ ಕಾರಿನಲ್ಲಿ ಚಕ್ರ ಬಿಟ್ಟು ಬೇರಾವ ಭಾಗವೂ ರಿಮ್ಮಿನ ತಳದಂಚಿಗಿಂತ ನೆಲಕ್ಕೆ ಹತ್ತಿರ ಇರಕೂಡದು ಎಂಬುದು ಅದರ ಸಾರ. ಕಾರು ಎಷ್ಟು ಜೋರಾಗಿ ಓಡಬಹುದು, ದೀಪ ಎಲ್ಲಿರಬೇಕು ಎಂದೆಲ್ಲ ಕಾನೂನು ಮಾಡುವುದು ಎಲ್ಲ ಕಡೆಯೂ ಇದ್ದದ್ದೇ. ಕಾರಿನ ಹೊಟ್ಟೆ ನೆಲದಿಂದ ಎಷ್ಟು ಮೇಲಿರಬೇಕು ಎಂದು ಒಂದು ರಾಜ್ಯ ಅಳತೆ ಹಿಡಿದು ಕೂತಿತೆಂದರೆ, ಅಲ್ಲಿನ ಬೀದಿಗಳಲ್ಲಿ ಅಷ್ಟು ಹೊತ್ತಿಗಾಗಲೇ ಬೇಕಾದಷ್ಟು ಕಾರುಗಳು ತಗ್ಗಿದ್ದವು ಎಂದೇ ಲೆಕ್ಕ. ಅವನ್ನು ತಗ್ಗಿಸಿದವರಲ್ಲಿ ಹೆಚ್ಚಿನವರು ಪೂರ್ವ ಲಾಸ್ ಏಂಜಲೀಸಿನ, ಸ್ಯಾನ್ ಹೋಸೆಯ, ಸ್ಯಾನ್ ಬರ್ನಾರ್ಡಿನೊ ಕಡೆಯ ಮೆಕ್ಸಿಕನ್ ಮೂಲದ ಹುಡುಗರು. ಮನೆಯ ಹಿತ್ತಿಲು, ಹಿಂದಿನ ಓಣಿ, ಒಂದು ಜ್ಯಾಕು, ಒಂದು ಗರಗಸ. ಇಷ್ಟೇ ಅವರ ವರ್ಕ್‌ಶಾಪು.

ನಾನು ಪೀಣ್ಯದ ಒಂದು ಸ್ಪ್ರಿಂಗ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದವಳು. ಸುತ್ತಿ, ಹದ ಹಾಕಿ ತಂದ ಸುರುಳಿಗಳನ್ನು ಯಂತ್ರದಲ್ಲಿ ಒತ್ತಿ, ಎಷ್ಟು ಭಾರಕ್ಕೆ ಎಷ್ಟು ಕುಗ್ಗಿತು ಎಂದು ಬರೆದಿಡುವ ಪರೀಕ್ಷಾ ಕೊಠಡಿ ನನ್ನದು. ಮಗಳ ಸಂಸಾರ ಸ್ಯಾನ್ ಹೋಸೆಯಲ್ಲಿದೆ. ಆ ಊರಿನ ಸುತ್ತಮುತ್ತ ಕನ್ನಡದವರಿಗೆ ಕೊರತೆಯಿಲ್ಲ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಿಂದ ನಡೆದುಬಂದಿದೆ. ಆದರೆ ಅದೇ ಊರಿನ ಪೂರ್ವ ಭಾಗದಲ್ಲಿ, ಸ್ಟೋರಿ ರಸ್ತೆಯೂ ಕಿಂಗ್ ರಸ್ತೆಯೂ ಕೂಡುವ ಕಡೆ, ದಶಕಗಳಿಂದ ತಗ್ಗಿಸಿದ ಕಾರುಗಳು ಸಾಲುಗಟ್ಟಿ ನಿಧಾನವಾಗಿ ಸಾಗಿದ್ದರ ಇತಿಹಾಸ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಲೋರೈಡರ್ ಎಂದರೆ ಹೊಳೆಯುವ ಬಣ್ಣ, ಕ್ರೋಮು, ಕುಣಿಯುವ ಕಾರು ಎಂದಷ್ಟೇ ತಿಳಿದಿರುತ್ತಾರೆ. ನನ್ನ ಕಣ್ಣು ಹೋಗುವುದು ಬಣ್ಣದ ಅಡಿಗೆ, ಚಕ್ರದ ಹಿಂದಿನ ಕತ್ತಲಿಗೆ. ಆ ಸುರುಳಿಯನ್ನು ಯಾರು, ಹೇಗೆ, ಎಷ್ಟು ಕತ್ತರಿಸಿದರು ಎನ್ನುವುದು ನನಗೆ ಮುಖ್ಯ.

ಮೊದಲ ಕಾಲದ ಕಾರುಗಳಲ್ಲಿ ಹೆಚ್ಚಿನವು ಸಾರೋಟಿನಿಂದ ಬಂದ ಕಮಾನು ಪಟ್ಟೆಯ ಮೇಲೆಯೇ ಕೂತಿದ್ದವು. ನಮ್ಮ ಲಾರಿಗಳ ಹಿಂದೆ ಇವತ್ತಿಗೂ ಇರುವ ಅದೇ ಪಟ್ಟೆ. 1934ರಲ್ಲಿ ಜನರಲ್ ಮೋಟರ್ಸ್ ತನ್ನ ಕ್ಯಾಡಿಲಾಕ್, ಬ್ಯೂಕ್ ಕಾರುಗಳ ಮುಂದಿನ ಎರಡೂ ಚಕ್ರಗಳಿಗೆ ಬೇರೆ ಬೇರೆ ಸುರುಳಿ ಕೊಟ್ಟಿತು. ಅದರ ಹಿಂದೆ ಮಾರಿಸ್ ಓಲಿ ಎಂಬ ಇಂಗ್ಲಿಷ್ ಎಂಜಿನಿಯರನ ದುಡಿಮೆ ಇತ್ತು. ಷೆವ್ರೊಲೆಯ ಮಾಸ್ಟರ್ ಡೀಲಕ್ಸಿಗೆ 1939ರಲ್ಲಿ ಚಕ್ರ ಹಿಡಿದ ಎರಡು ತೋಳುಗಳ ನಡುವೆ ಬಯಲಾಗಿ ನಿಲ್ಲುವ ಸುರುಳಿ ಬಂತು. ಫೋರ್ಡ್ ಮಾತ್ರ 1948ರ ಮಾದರಿಯವರೆಗೂ ಅಡ್ಡಪಟ್ಟೆಯನ್ನು ಬಿಡಲಿಲ್ಲ.

ಈ ವ್ಯತ್ಯಾಸವೇ ಮುಂದೆ ಎರಡು ದಾರಿ ಮಾಡಿತು. ಹಳೆ ಫೋರ್ಡ್ ಇಟ್ಟುಕೊಂಡು ವೇಗದ ಹಿಂದೆ ಬಿದ್ದ ಹಾಟ್ ರಾಡ್ ಹುಡುಗರು ಮುಂದಿನ ಆಕ್ಸಲ್ಲನ್ನೇ ಕಾಯಿಸಿ ಬಗ್ಗಿಸಿ ಕಾರನ್ನು ಇಳಿಸಿದರು. ಅದಕ್ಕೆ ಕುಲುಮೆ ಬೇಕು, ಭಾರಿ ಸಲಕರಣೆ ಬೇಕು, ಮನೆಯಲ್ಲಿ ಆಗುವಂಥದ್ದಲ್ಲ. ಮೆಕ್ಸಿಕನ್ ಮೂಲದ ಕುಟುಂಬಗಳ ಕೈಗೆ ಎಟುಕಿದ್ದು ಸೆಕೆಂಡ್ ಹ್ಯಾಂಡ್ ಷೆವ್ರೊಲೆ. ಅದರ ಮುಂದೆ ಸುರುಳಿ, ಹಿಂದೆ ಪಟ್ಟೆ. ಅವರಿಗೆ ಬೇಕಾದದ್ದು ವೇಗವೂ ಅಲ್ಲ. 1943ರ ಜೂನಿನಲ್ಲಿ ಇದೇ ಲಾಸ್ ಏಂಜಲೀಸಿನಲ್ಲಿ ನಾವಿಕರೂ ಸೈನಿಕರೂ ಬೀದಿಗಿಳಿದು, ಅಗಲ ಭುಜದ ಝೂಟ್ ಸೂಟ್ ತೊಟ್ಟ ಮೆಕ್ಸಿಕನ್ ಹುಡುಗರನ್ನು ಹುಡುಕಿ ಹುಡುಕಿ ಹೊಡೆದು, ಬಟ್ಟೆ ಹರಿದು ಹಾಕಿದ್ದರು. ಅದಾಗಿ ಕೆಲವೇ ವರ್ಷಕ್ಕೆ, ಯುದ್ಧ ಮುಗಿದ ಮೇಲೆ, ಅದೇ ಕೇರಿಗಳ ಹುಡುಗರು ಒಪ್ಪವಾಗಿ ಬಟ್ಟೆ ತೊಟ್ಟು, ತಿಕ್ಕಿ ತಿಕ್ಕಿ ಹೊಳಪು ಬಂದ ಕಾರಿನಲ್ಲಿ, ವಿಟ್ಟಿಯರ್ ಬುಲೆವಾರ್ಡಿನಲ್ಲಿ ಮನಸ್ಸಿಟ್ಟು ನಿಧಾನವಾಗಿ ಸಾಗತೊಡಗಿದರು. ಮುಖ ಮರೆಸಿಕೊಂಡು ಓಡಬೇಕಿದ್ದವರು ಊರೆಲ್ಲ ನೋಡುವಷ್ಟು ಮೆಲ್ಲಗೆ ಹೋದರಲ್ಲ, ಆ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ತಗ್ಗಿಸುವ ಮೊದಲ ಉಪಾಯ ತೀರಾ ಸರಳ. ಡಿಕ್ಕಿಯಲ್ಲಿ ಮರಳುಮೂಟೆಯೋ ಸಿಮೆಂಟುಮೂಟೆಯೋ ಹೇರುವುದು. ಹಿಂದಿನ ಪಟ್ಟೆ ಭಾರಕ್ಕೆ ಚಪ್ಪಟೆಯಾಗಿ ಬಾಲ ನೆಲದ ಹತ್ತಿರ ಬರುತ್ತದೆ. ಬ್ರೇಕಿಗೆ ಹೊರೆ ಹೆಚ್ಚು, ಹೆಡ್‌ಲೈಟು ಆಕಾಶ ನೋಡುತ್ತದೆ. ಆದರೂ ಸೋಮವಾರ ಕೆಲಸಕ್ಕೆ ಹೋಗುವಾಗ ಮೂಟೆ ಇಳಿಸಿದರೆ ಕಾರು ಮೊದಲಿನಂತೆಯೇ ಆಗುವುದು ಅದರ ಅನುಕೂಲ. ಆಮೇಲೆ ಬಂದದ್ದು ಬ್ಲಾಕು. ಪಟ್ಟೆಗೂ ಅದರ ಮೇಲೆ ಕೂತ ಆಕ್ಸಲ್ಲಿಗೂ ನಡುವೆ ಒಂದು ಲೋಹದ ತುಂಡು ಸೇರಿಸಿ, ಉದ್ದನೆಯ ಯು-ಬೋಲ್ಟಿನಿಂದ ಬಿಗಿಯುವುದು. ಆಗ ಆಕ್ಸಲ್ಲು ಮೇಲೇರಿ ಚಾಸಿಸ್ಸಿಗೆ ಬಡಿಯುತ್ತದೆ; ಅದಕ್ಕೆ ಚಾಸಿಸ್ಸಿನ ತಳದಲ್ಲಿ ಅರ್ಧಚಂದ್ರದಂತೆ ಕತ್ತರಿಸಿ, ಮತ್ತೆ ದಪ್ಪ ತಗಡು ಬೆಸುಗೆ ಹಾಕಿ ಬಲಪಡಿಸುವುದನ್ನು ಕಲಿತರು. ಒಂದು ಕಡೆ ಇಳಿಸಿದರೆ ಇನ್ನೊಂದು ಕಡೆ ತಗಲುವುದು, ತಗಲಿದ್ದಕ್ಕೆ ದಾರಿ ಹುಡುಕುವುದು, ಹೀಗೆಯೇ ಈ ವಿದ್ಯೆ ಬೆಳೆದದ್ದು.

ಮುಂದಿನ ಸುರುಳಿಯ ವಿಷಯ ಇನ್ನೂ ಸೂಕ್ಷ್ಮ. ಗರಗಸದಿಂದ ಒಂದು ಸುತ್ತು ಕತ್ತರಿಸಿ ತೆಗೆದರೆ ಸ್ಪ್ರಿಂಗು ಗಿಡ್ಡವಾಗುತ್ತದೆ, ಇದು ಯಾರಿಗೂ ಗೊತ್ತಾಗುವ ಮಾತು. ಗಿಡ್ಡವಾದದ್ದು ಗಡುಸೂ ಆಗುತ್ತದೆ ಎನ್ನುವುದು ಹಲವರಿಗೆ ಹೊಳೆಯುವುದಿಲ್ಲ. ಸುರುಳಿಯ ಬಿಗುವು ಅದರ ಸುತ್ತುಗಳ ಸಂಖ್ಯೆಗೆ ವಿಲೋಮ. ದುಡಿಯುವ ಸುತ್ತು ಎಂಟಿದ್ದು ಏಳಾದರೆ ಬಿಗುವು ಹೆಚ್ಚುಕಡಿಮೆ ಶೇ. 14 ಏರುತ್ತದೆ, ಆರಿದ್ದು ಐದಾದರೆ ಶೇ. 20. ಪ್ರತಿ ಸುತ್ತೂ ಅದೇ ಭಾರಕ್ಕೆ ಮೊದಲಿನಷ್ಟೇ ಕುಗ್ಗುತ್ತದೆ, ಕುಗ್ಗಲು ಒಂದು ಸುತ್ತು ಕಡಿಮೆ ಇದೆ, ಅಷ್ಟೆ. ಇನ್ನೊಂದು ಗುಟ್ಟು ಕೆಳತೋಳಿನದು. ಸುರುಳಿ ಕೂರುವುದು ತೋಳಿನ ನಡುಮಧ್ಯದ ಆಸುಪಾಸಿನಲ್ಲಿ, ಚಕ್ರ ಇರುವುದು ತುದಿಯಲ್ಲಿ. ಸುರುಳಿಯಲ್ಲಿ ಒಂದು ಇಂಚು ಕಳೆದರೆ ಚಕ್ರದ ಹತ್ತಿರ ಕಾರು ಸುಮಾರು ಎರಡು ಇಂಚು ಇಳಿಯುತ್ತದೆ. ಆದ್ದರಿಂದಲೇ ಬಲ್ಲವರು ಅರ್ಧ ಸುತ್ತು ತೆಗೆದು, ಮತ್ತೆ ಕೂರಿಸಿ, ಕಾರನ್ನು ಒಂದು ಸುತ್ತು ಓಡಿಸಿ ನೋಡಿ, ಆಮೇಲೆ ಇನ್ನರ್ಧಕ್ಕೆ ಕೈ ಹಾಕುತ್ತಿದ್ದರು. ಯಾವ ತುದಿ ಕತ್ತರಿಸಬೇಕು ಎನ್ನುವುದಕ್ಕೂ ಕಾರಣವಿತ್ತು. ಒಂದು ತುದಿಯನ್ನು ಸಪಾಟಾಗಿ ಉಜ್ಜಿರುತ್ತಾರೆ, ಅದನ್ನು ಮುಟ್ಟಕೂಡದು. ಇನ್ನೊಂದು ತುದಿ ಸುತ್ತಿದ ಹಾಗೆಯೇ ಬಿಟ್ಟದ್ದು. ಅದು ಕೂರುವ ಬಟ್ಟಲಿನಲ್ಲಿ ಮೆಟ್ಟಿಲಿನಂಥ ತಗ್ಗು ಇರುತ್ತದೆ. ಅಲ್ಲಿ ಕತ್ತರಿಸಿದರೆ ಹೊಸ ತುದಿಯೂ ಅದೇ ಮೆಟ್ಟಿಲಿಗೆ ಕೂರುತ್ತದೆ. ಇದನ್ನೆಲ್ಲ ನಾವು ಪೀಣ್ಯದಲ್ಲಿ ಸೂತ್ರ ಹಿಡಿದು ಕಲಿತೆವು. ಅವರು ಕೈಯಿಂದ, ಬೆನ್ನುಮೂಳೆಯಿಂದ ಕಲಿತರು.

ಕೆಲವರು ಗರಗಸಕ್ಕೂ ತಾಳ್ಮೆಯಿಲ್ಲದೆ ಗ್ಯಾಸ್ ಟಾರ್ಚು ಹಿಡಿದರು. ಸ್ಪ್ರಿಂಗು ಕಾರಿನಲ್ಲಿ ಇದ್ದ ಹಾಗೆಯೇ ಒಂದೆರಡು ಸುತ್ತಿಗೆ ಬೆಂಕಿ ಕೊಟ್ಟರೆ, ಉಕ್ಕು ಕೆಂಪಾಗಿ ಮೆತ್ತಗಾಗಿ, ಕಾರು ತನ್ನ ಭಾರಕ್ಕೆ ತಾನೇ ಕುಸಿದು ಕೂರುತ್ತದೆ. ನಿಮಿಷಗಳ ಕೆಲಸ. ಇದನ್ನು ಕೇಳಿದರೆ ನನಗೆ ಇಂದಿಗೂ ಸಂಕಟವಾಗುತ್ತದೆ, ಯಾಕೆಂದರೆ ಸ್ಪ್ರಿಂಗಿನ ಪ್ರಾಣವಿರುವುದು ಹದದಲ್ಲಿ. ದಪ್ಪ ಸರಳನ್ನು ಸುಮಾರು 900 ಡಿಗ್ರಿಗೆ ಕಾಯಿಸಿ ಸುತ್ತಿ, ಎಣ್ಣೆಯಲ್ಲಿ ಮುಳುಗಿಸುತ್ತಾರೆ. ಆಗ ಅದು ಗಾಜಿನಷ್ಟು ಪೆಡಸು. ಮತ್ತೆ 400 ಡಿಗ್ರಿಯ ಆಚೀಚೆ ಹದವಾಗಿ ಕಾಯಿಸಿದಾಗ ಪೆಡಸುತನ ಇಳಿದು, ಬಾಗಿ ಮರಳುವ ಗುಣ ಉಳಿಯುತ್ತದೆ. ಕಮ್ಮಾರ ಕುಡುಗೋಲಿಗೆ ಹದ ಹಾಕುವಾಗ ಅಂಚಿನಲ್ಲಿ ಹುಲ್ಲಿನ ಹಳದಿ, ನೇರಳೆ, ನೀಲಿ ಓಡುವುದನ್ನು ನೋಡಿ ನೀರಿಗೆ ಅದ್ದುತ್ತಾನಲ್ಲ, ಇದೂ ಅದೇ ವಿದ್ಯೆ. ಟಾರ್ಚಿನ ಬೆಂಕಿ ಆ ಹದವನ್ನು ಒಂದೇ ಜಾಗದಲ್ಲಿ ಕೊಲ್ಲುತ್ತದೆ. ಎಡಕ್ಕೊಂದಿಷ್ಟು, ಬಲಕ್ಕಿನ್ನೊಂದಿಷ್ಟು ಕುಸಿದು ಕಾರು ಓರೆಯಾಗುತ್ತದೆ. ದಿನ ಕಳೆದಂತೆ ಇನ್ನೂ ಕುಸಿಯುತ್ತದೆ, ಕೊನೆಗೆ ಮುರಿಯುತ್ತದೆ.

ಬೆಂಗಳೂರಿನಲ್ಲೂ ಹೀಗೆ ಮುರಿದ ಸ್ಪ್ರಿಂಗುಗಳನ್ನು ಗ್ಯಾರೇಜಿನವರು ನಮ್ಮ ಕೊಠಡಿಗೆ ತಂದು ತೋರಿಸಿದ್ದುಂಟು. ಮುರಿದ ಮುಖವನ್ನು ಬೆಳಕಿಗೆ ಹಿಡಿದರೆ ಕಥೆಯೆಲ್ಲ ಅಲ್ಲೇ ಇರುತ್ತದೆ. ಹೊರಮೈಯ ಒಂದು ಚುಕ್ಕೆಯಿಂದ ಬೀಸಣಿಗೆಯಂತೆ ಹರಡಿದ ಸಣ್ಣ ಸಣ್ಣ ಗೆರೆಗಳು. ಬಿರುಕು ದಿನಕ್ಕಿಷ್ಟು ಮುಂದೆ ಹೋದ ಗುರುತು. ಕೊನೆಗೆ ಒಂದೇ ಏಟಿಗೆ ಹರಿದ ಭಾಗ ಮಾತ್ರ ಒರಟಾಗಿ, ಹರಳು ಹರಳಾಗಿ. ಕಾರ್ಖಾನೆಯಲ್ಲಿ ಹದ ಮುಗಿದ ಸುರುಳಿಗೆ ಪುಟ್ಟ ಪುಟ್ಟ ಉಕ್ಕಿನ ಗುಂಡುಗಳನ್ನು ರಭಸದಿಂದ ಹೊಡೆಸುವುದು ಈ ಚುಕ್ಕೆ ಹುಟ್ಟದಿರಲಿ ಎಂದೇ. ಆ ಹೊಡೆತ ಹೊರಪದರವನ್ನು ಒತ್ತಿಹಿಡಿದು ಬಿರುಕು ಬಾಯಿ ಬಿಡದಂತೆ ಕಾಯುತ್ತದೆ. ಟಾರ್ಚು ಹಿಡಿದ ಕಡೆ ಆ ಕಾವಲೂ ಹೋಯಿತು.

ಹಿತ್ತಿಲಲ್ಲಿ ಸುರುಳಿ ಬಿಚ್ಚುವುದು ಪ್ರಾಣಕ್ಕೆ ಕುತ್ತು ತರುವ ಕೆಲಸವೂ ಹೌದು. ಕಾರಿನ ಮುಂಭಾಗದ ಭಾರ ಹೊತ್ತ ಸುರುಳಿ ತೋಳುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಕೀಲು ಕಳಚಿ ತೋಳನ್ನು ಜ್ಯಾಕಿನ ಮೇಲೆ ಮೆಲ್ಲಗೆ ಇಳಿಸಬೇಕು. ಜ್ಯಾಕು ಸರಿದರೆ ಸುರುಳಿ ಹಾರುತ್ತದೆ, ಎದುರಿಗೆ ಏನಿದೆ ಯಾರಿದ್ದಾರೆ ಎಂದು ನೋಡುವುದಿಲ್ಲ. ಸುರುಳಿಯನ್ನು ಚಾಸಿಸ್ಸಿಗೆ ಸರಪಣಿ ಹಾಕಿ ಕಟ್ಟುವ ಪದ್ಧತಿ ಬಂದದ್ದು ಇದಕ್ಕೇ. ಅಣ್ಣ ತಮ್ಮನಿಗೆ, ಅಪ್ಪ ಮಗನಿಗೆ ಮೊದಲು ಹೇಳಿಕೊಡುತ್ತಿದ್ದದ್ದು ಎಲ್ಲಿ ನಿಲ್ಲಬಾರದು ಎಂಬುದನ್ನು.

1958ರ ಕಾನೂನು ಈ ಕತ್ತರಿಸಿದ ಕಾರುಗಳ ಬೆನ್ನು ಹತ್ತಿತು. ಕತ್ತರಿಸಿದ ಸುರುಳಿ ಮತ್ತೆ ಬೆಳೆಯುವುದಿಲ್ಲವಲ್ಲ. ಉತ್ತರ ಬಂದದ್ದು ರಾನ್ ಅಗೀರ್ ಎಂಬ ಹುಡುಗನಿಂದ. 1959ರ ಹೊತ್ತಿಗೆ ಅವನು ತಂದೆಯ ನೆರವಿನಿಂದ ತನ್ನ ಕಾರ್ವೆಟ್ಟಿಗೆ ವಿಮಾನಗಳ ಹಳೆ ಸರಕಿನ ಹೈಡ್ರಾಲಿಕ್ ಪಂಪುಗಳನ್ನು ಕೂರಿಸಿ, ಗುಂಡಿ ಒತ್ತಿದರೆ ಏರಿ ಇಳಿಯುವಂತೆ ಮಾಡಿದ. ಎಕ್ಸ್-ಸಾನಿಕ್ ಎಂದು ಆ ಕಾರಿನ ಹೆಸರು. ಪೊಲೀಸರು ಕಂಡರೆ ಎತ್ತರ, ಹೋದ ಮೇಲೆ ತಗ್ಗು. ಷೆವ್ರೊಲೆ ಕೂಡ 1958ರಲ್ಲಿ ಹಿಂದಿನ ಪಟ್ಟೆ ಬಿಟ್ಟು ನಾಲ್ಕೂ ಚಕ್ರಕ್ಕೆ ಸುರುಳಿ ಕೊಟ್ಟಿತು, ಇಂಪಾಲಾ ಎಂಬ ಹೆಸರೂ ಅದೇ ವರ್ಷದ್ದು. ಅಲ್ಲಿಂದ 1964ರವರೆಗಿನ ಇಂಪಾಲಾಗಳೇ ಲೋರೈಡರ್‌ಗಳ ಅಚ್ಚುಮೆಚ್ಚು. ಹೈಡ್ರಾಲಿಕ್ಕಿನ ಕಥೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಅದನ್ನು ಇಲ್ಲಿಗೇ ಬಿಡುತ್ತೇನೆ.

ಮುಂದಿನ ವರ್ಷಗಳಲ್ಲಿ ಕ್ಲಬ್ಬುಗಳು ಹುಟ್ಟಿದವು. ಲಾಸ್ ಏಂಜಲೀಸಿನ ಡ್ಯೂಕ್ಸ್ 1962ರದು. 1977ರಲ್ಲಿ ಸ್ಯಾನ್ ಹೋಸೆಯಿಂದಲೇ ‘ಲೋರೈಡರ್’ ಪತ್ರಿಕೆ ಹೊರಟಿತು. ಜೊತೆಜೊತೆಗೆ ಊರೂರಿನಲ್ಲಿ ನಿಧಾನ ಸವಾರಿಗೇ ನಿಷೇಧ ಹೇರಿದ ಫಲಕಗಳೂ ಎದ್ದವು. ಒಂದೇ ರಸ್ತೆಯಲ್ಲಿ ಇಂತಿಷ್ಟು ಹೊತ್ತಿನೊಳಗೆ ಎರಡು ಸಲ ಹೋದರೆ ಅಪರಾಧ ಎನ್ನುವ ಮಟ್ಟಕ್ಕೆ ಅದು ಬಂತು.

ಈ ನಡುವೆ ಕಾರಿನ ಕೆಳಗೇ ದೊಡ್ಡ ಬದಲಾವಣೆ ಆಗಿತ್ತು. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರು ಷೆವ್ರೊಲೆಯ ಒಂದು ಸಣ್ಣ ಕಾರಿಗಾಗಿ, ಶಾಕ್ ಅಬ್ಸಾರ್ಬರನ್ನೂ ಸುರುಳಿಯನ್ನೂ ಒಂದೇ ಕಂಬವಾಗಿಸುವ ಯೋಚನೆ ಮಾಡಿದ್ದ. ಆ ಕಾರು 1947ರಲ್ಲಿ ಕೈಬಿಟ್ಟುಹೋಯಿತು. ಅವನು ಫೋರ್ಡಿಗೆ ಹೋದ. 1950ರ ಲಂಡನ್ ಪ್ರದರ್ಶನದಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಮತ್ತು ಝೆಫಿರ್ ಆ ಕಂಬದ ಮೇಲೆ ನಿಂತು ಬಂದವು. ನಮ್ಮ ಮಾರುತಿ 800ರ ಮುಂದೆ ಇದ್ದದ್ದೂ ಅದೇ ಕಂಬ. ಕಂಬದೊಳಗಿನ ಸುರುಳಿ ಕತ್ತರಿಸಿದರೆ ಹೊಸ ತೊಂದರೆ. ಕಾರನ್ನು ಎತ್ತಿದಾಗ ಅಥವಾ ಚಕ್ರ ಗುಂಡಿಗೆ ಇಳಿದಾಗ ಗಿಡ್ಡ ಸುರುಳಿ ತನ್ನ ಬಟ್ಟಲಿನಿಂದ ಸಡಿಲಾಗಿ ಓರೆಯಾಗುತ್ತದೆ. ತಗ್ಗಿಸಲೆಂದೇ ಸುತ್ತಿದ ಸ್ಪ್ರಿಂಗು ಪೆಟ್ಟಿಗೆಯಲ್ಲಿ ಬರಬೇಕಾದ ಕಾರಣ ಇದು. ಆ ವ್ಯಾಪಾರದಲ್ಲಿ ಜರ್ಮನಿಯ ಸೌವರ್‌ಲಾಂಡ್ ಗುಡ್ಡಗಾಡು ಹೆಸರು ಮಾಡಿತು. 1951ರಲ್ಲಿ ಹೈನ್ರಿಷ್ ಐಬಾಖ್ ಶುರು ಮಾಡಿದ ಕಂಪನಿ ಅಲ್ಲಿನ ಫಿನ್ನೆನ್‌ಟ್ರೋಪಿನಲ್ಲಿದೆ, ಎಚ್ ಆಂಡ್ ಆರ್ ಎಂಬ ಇನ್ನೊಂದು ಕಂಪನಿ ಪಕ್ಕದ ಲೆನೆಸ್ಟಾಟಿನಲ್ಲಿ.

ಮಗಳ ಬೀದಿಯಲ್ಲಿ ಒಬ್ಬ ಅಜ್ಜ ಇದ್ದಾರೆ. ಹರೆಯದಲ್ಲಿ ಷೆವ್ರೊಲೆಯ ಸುರುಳಿ ಕತ್ತರಿಸಿದ ಕೈ ಅವರದು. ಅವರ ಮೊಮ್ಮಗ ತನ್ನ ಹೋಂಡಾ ಸಿವಿಕ್ಕಿಗೆ ತಗ್ಗಿಸುವ ಸ್ಪ್ರಿಂಗ್ ತರಿಸಿ ಮನೆಯ ಗ್ಯಾರೇಜಿನಲ್ಲೇ ಹಾಕಿದ. ಅಜ್ಜ ಕುರ್ಚಿ ಹಾಕಿಕೊಂಡು ಕೂತರು, ನಾನು ಪಕ್ಕದಲ್ಲಿ ನಿಂತೆ. ಜ್ಯಾಕಿನ ಮೇಲೆ ನಂಬಿಕೆ ಇಡದೆ ಎರಡೂ ಕಡೆ ಸ್ಟ್ಯಾಂಡು ಕೊಟ್ಟಾಯಿತು. ಬ್ರೇಕ್ ಹೋಸಿನ ಕ್ಲ್ಯಾಂಪು, ಎಬಿಎಸ್ ವೈರು ಬಿಡಿಸಿ, ಕೆಳಗಿನ ಎರಡು ದಪ್ಪ ಬೋಲ್ಟು, ಮೇಲಿನ ಮೂರು ನಟ್ಟು ಕಳಚಿ ಕಂಬವನ್ನು ಹೊರಗೆಳೆದ. ನಡುವಿನ ನಟ್ಟಿಗೆ ಸ್ಪ್ಯಾನರ್ ಇಡುವಷ್ಟರಲ್ಲಿ ಅಜ್ಜನ ಕೈ ಮೇಲೆದ್ದಿತು. ಕಂಪ್ರೆಸ್ಸರಿನ ಎರಡು ಕೊಕ್ಕೆಗಳನ್ನು ಎದುರುಬದುರು ಹಾಕಿಸಿ, ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ತಿರುಗಿಸಿ, ಸುರುಳಿ ಬಟ್ಟಲಿನಲ್ಲಿ ಕೈಯಿಂದ ಅಲ್ಲಾಡುವಷ್ಟು ಸಡಿಲಾದ ಮೇಲೆಯೇ ಆ ನಟ್ಟು ಬಿಚ್ಚಲು ಬಿಟ್ಟರು.

ಹಳೆಯದನ್ನೂ ಹೊಸದನ್ನೂ ನೆಲದ ಮೇಲೆ ಜೋಡಿಸಿ ನಿಲ್ಲಿಸಿದಾಗ ನಾನು ಬಗ್ಗಿ ನೋಡಿದೆ. ಹೊಸದರ ತಂತಿ ತುಸು ದಪ್ಪ. ಬಿಗುವು ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುವುದರಿಂದ, 12 ಮಿಲಿಮೀಟರಿನ ತಂತಿ 13 ಆದರೆ ಸಾಕು, ಉಳಿದ ಅಳತೆ ಹಾಗೆಯೇ ಇದ್ದರೂ ಬಿಗುವು ಶೇ. 38ರಷ್ಟು ಹೆಚ್ಚುತ್ತದೆ. ಇಳಿದ ಕಾರಿಗೆ ಕುಗ್ಗಲು ಇರುವ ಜಾಗವೇ ಕಡಿಮೆ, ಬಿಗುವು ಬೇಕೇ ಬೇಕು. ಒಂದು ತುದಿಯ ಎರಡು ಮೂರು ಸುತ್ತು ಒಂದಕ್ಕೊಂದು ಒತ್ತಿಕೊಂಡಂತೆ ಹತ್ತಿರ ಹತ್ತಿರ. ಕಾರು ನೆಲದ ಮೇಲಿದ್ದಾಗ ಅವು ಮುಚ್ಚಿಕೊಂಡು ಸುಮ್ಮನಿರುತ್ತವೆ; ಚಕ್ರ ಜೋತಾಗ ತೆರೆದುಕೊಂಡು ಸುರುಳಿಯನ್ನು ಬಟ್ಟಲಿನಲ್ಲೇ ಹಿಡಿದಿಡುತ್ತವೆ. ಕತ್ತರಿಸಿದ ಸ್ಪ್ರಿಂಗು ಎಲ್ಲೆಲ್ಲಿ ಸೋತಿತ್ತೋ ಅಲ್ಲೆಲ್ಲ ಇದಕ್ಕೆ ಉತ್ತರವಿತ್ತು. ಅಜ್ಜ ಅದನ್ನು ಎತ್ತಿಕೊಂಡು, ಆ ಹತ್ತಿರದ ಸುತ್ತುಗಳ ಮೇಲೆ ಹೆಬ್ಬೆರಳು ಓಡಿಸಿ, ತಲೆದೂಗಿದರು. ಯಾರೂ ವಿವರಿಸಬೇಕಾಗಲಿಲ್ಲ.

ಕೊನೆಯ ಬಿಗಿತಕ್ಕೂ ಅವರದೇ ಷರತ್ತು. ಹಿಂದಿನ ತೋಳುಗಳ ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಚಕ್ರ ಜೋತಾಡುವಾಗ ಬಿಗಿಯಲು ಬಿಡಲಿಲ್ಲ. ಹಾಗೆ ಬಿಗಿದರೆ ಕಾರು ಇಳಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರಗಳ ಅಡಿಗೆ ಮರದ ದಿಮ್ಮಿ ಕೊಟ್ಟು, ಕಾರಿನ ಭಾರವೆಲ್ಲ ಅವುಗಳ ಮೇಲೆ ಬಂದ ಮೇಲೆ ಬಿಗಿಸಿದರು. ಅಲೈನ್‌ಮೆಂಟ್ ಮಾಡಿಸದೆ ದೂರ ಓಡಿಸಬೇಡ ಎಂದು ಹುಡುಗನಿಗೆ ತಾಕೀತು ಮಾಡಿದರು. ಎತ್ತರ ಬದಲಾದರೆ ಚಕ್ರದ ಓರೆಯೂ ಬದಲಾಗಿ ಟೈರಿನ ಒಳಅಂಚು ಸವೆಯುತ್ತದೆ.

ನಮ್ಮಲ್ಲಿ ಇಂಥದ್ದಕ್ಕೆ ಅವಕಾಶ ಕಡಿಮೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಬೆಂಗಳೂರಿನ ಹಂಪುಗಳನ್ನು ಬಲ್ಲ ನನಗೆ ಅದರಲ್ಲಿ ಅನ್ಯಾಯ ಕಾಣುವುದಿಲ್ಲ. ಕ್ಯಾಲಿಫೋರ್ನಿಯಾದ 24008ರ ಲೆಕ್ಕ ಬೇರೆ. ಅಲ್ಲಿ ಅಳತೆ ಕಾರಿನದಾದರೂ ತಡೆದು ನಿಲ್ಲಿಸಿದ್ದು ಹೆಚ್ಚಾಗಿ ಒಂದೇ ಸಮುದಾಯದ ಹುಡುಗರನ್ನು. ಸ್ಯಾನ್ ಹೋಸೆ 2022ರಲ್ಲಿ ನಿಧಾನ ಸವಾರಿಯ ನಿಷೇಧ ತೆಗೆಯಿತು. 2023ರ ಅಕ್ಟೋಬರಿನಲ್ಲಿ ರಾಜ್ಯಪಾಲರ ಸಹಿ ಬಿದ್ದು, 2024ರ ಜನವರಿ 1ರಿಂದ ರಾಜ್ಯದಲ್ಲೆಲ್ಲ ಆ ನಿಷೇಧಗಳೂ ತಗ್ಗಿದ ಕಾರಿನ ಕಲಮೂ ಹೋದವು. ಬಂದ ದಿನಕ್ಕೂ ಹೋದ ದಿನಕ್ಕೂ ನಡುವೆ ಸರಿಯಾಗಿ 66 ವರ್ಷ.

ಈಗ ಈ ಕಾರುಗಳಿಗೆ ಮರ್ಯಾದೆ ಬಂದಿದೆ. ನ್ಯೂ ಮೆಕ್ಸಿಕೊದ ಚಿಮಾಯೊ ಊರಿನ ‘ಡೇವ್ಸ್ ಡ್ರೀಮ್’ ಎಂಬ 1969ರ ಫೋರ್ಡ್ ಎಲ್‌ಟಿಡಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹ ಸೇರಿದೆ. ಮೈತುಂಬ ಗುಲಾಬಿ ಬರೆಸಿಕೊಂಡ ‘ಜಿಪ್ಸಿ ರೋಸ್’ ಇಂಪಾಲಾ 2017ರಲ್ಲಿ ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಗೆ ಬಂತು. ಬಣ್ಣ ಹಚ್ಚಿದವರ, ಹೊಲಿಗೆ ಹಾಕಿದವರ ಹೆಸರು ದಾಖಲಾಗುತ್ತಿದೆ, ಅದು ಸಂತೋಷವೇ. ಆದರೆ ಹೈಡ್ರಾಲಿಕ್ಕಿಗೂ ಮುಂಚೆ, 1940-50ರ ದಶಕದಲ್ಲಿ ಓಣಿಗಳಲ್ಲಿ ಮಲಗಿ ಸುರುಳಿ ಕತ್ತರಿಸಿದವರ ಲೆಕ್ಕವನ್ನು ಯಾರು ಬರೆದಿಟ್ಟಿದ್ದಾರೆ? ಅವರಿಂದ ನೇರವಾಗಿ ಕಲಿತವರಿಗೇ ಈಗ ಎಪ್ಪತ್ತು ಎಂಬತ್ತು ದಾಟಿದೆ. ಸ್ಯಾನ್ ಹೋಸೆಯಲ್ಲಿ ಓದುವ, ಕ್ಯಾಮೆರಾ ಹಿಡಿಯುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಅವರು ಬೀದಿಯ ಇಂಥ ಅಜ್ಜಂದಿರ ಹತ್ತಿರ ಕೂತು ಕೇಳಲಿ: ಯಾವ ವರ್ಷದ ಷೆವ್ರೊಲೆ, ಮೊದಲು ಎಷ್ಟು ಸುತ್ತು ಇತ್ತು, ಎಷ್ಟು ತೆಗೆದಿರಿ, ಯಾವ ತುದಿಯಿಂದ, ಗರಗಸವೋ ಟಾರ್ಚೋ, ಎಷ್ಟು ಇಂಚು ಇಳಿಯಿತು, ಎಷ್ಟು ವರ್ಷ ತಾಳಿತು, ಸರಪಣಿ ಕಟ್ಟಲು ಹೇಳಿಕೊಟ್ಟವರು ಯಾರು.